ಗೂಬೆ, ಅಮ್ಮನ ಭಾನುವಾರಗಳ ಬಗ್ಗೆ

ಲೋ ಗೂಬೆ,

ವೈಕುಂಠ ಸಮಾರಾಧನೆಗೆ ಬರಕ್ಕಾಗಲಿಲ್ಲ ಅಂತ ಬೇಜಾರು ಮಾಡ್ಕೋಬೇಡ. ನಿನ್ನ ಪಾಲಿನ ಒಬ್ಬಟ್ಟು ನಾನೇ ತಿಂದೆ. ನೀಲಿ ಕೊಡೆ ವಿಷಯ ಇಲ್ಲಿ ಎತ್ತಲ್ಲ, ನಾಲ್ಕು ಜನ ಓದ್ತಾರೆ.

ಹನುಮಂತನಗರದ ಅರ್ಧ ಜನ ಬಂದಿದ್ದರು. ಅಮ್ಮನ ಫೋಟೊ ಹಾಕಿ ‘ತ್ಯಾಗಮಯಿ, ಸೇವಾಮೂರ್ತಿ’ ಅಂತ ಫ್ಲೆಕ್ಸ್ ಕಟ್ಟಿಸಿದ್ದೆ. ನಗಬೇಡ, ಅಂಗಡಿಯವನ ಹತ್ರ ರೆಡಿ ಇದ್ದದ್ದು ಅದೇ. ನಿಷೇಧ ಇದೆ ಅಂತ ಗೊತ್ತು, ಕಾಂಪೌಂಡ್ ಒಳಗೇ ಕಟ್ಟಿದ್ದು.

ಅದರ ಕೆಳಗೇ ಬಂದು ಕೂತರು, ಪೋಲಿಯೊ ಬೂತಿನ ಹಳೇ ಸಿಸ್ಟರ್. 1995ರ ಡಿಸೆಂಬರ್‌ನಲ್ಲಿ ಪಲ್ಸ್ ಪೋಲಿಯೊ ಶುರುವಾದಾಗಿನಿಂದ ಅಮ್ಮನ ಜೊತೆಗಾತಿ. ಅಪ್ಪ ರಿಟೈರ್ ಆಗಿ ಗಂಟೆಗೊಂದು ಕಾಫಿ ಕೇಳ್ತಿದ್ದ ಕಾಲ ಅದು, ನೆನಪಿದೆಯಲ್ಲ? ಬೂತು ತೆರೆಯೋ ಮುಂಚೆಯೇ ಅಮ್ಮ ಹೋಗಿ ಕೂತಿರೋಳಂತೆ. ಸೀಸೆ ಮೇಲಿನ ಪುಟ್ಟ ಬಿಳಿ ಚೌಕ ಸುತ್ತಲಿನ ವೃತ್ತದ ಬಣ್ಣಕ್ಕೆ ತಿರುಗಿದ್ದರೆ ಬಿಸಿ ತಗುಲಿದೆ ಅಂತ ಲೆಕ್ಕ, ಎಸೀಬೇಕು. ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡೋಳಂತೆ. ಎರಡು ಹನಿ ಹಾಕಿಸಿ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚೋದು ಅವಳದೇ ಹಕ್ಕು. ಆಮೇಲೆ ಮನೆ ಮನೆ ಸುತ್ತಾಟ. ಗೋಡೆ ಮೇಲೆ ‘ಎಕ್ಸ್’ ಗುರುತು ಬಿದ್ದ ಮನೆ, ಅಂದ್ರೆ ಮಗು ಬಾಕಿ ಇರೋ ಮನೆ, ಅದು ‘ಪಿ’ ಆಗೋವರೆಗೂ ಬಿಡ್ತಿರಲಿಲ್ಲ. ಸಂಜೆ ಬಾಕ್ಸ್ ಮುಚ್ಚೋಣ ಅಂದ್ರೆ ‘ಇರಿ ಸಿಸ್ಟರ್, ಇನ್ನೊಂದು ಮಗು ಬರಬಹುದು’.

ಇಷ್ಟೂ ಫ್ಲೆಕ್ಸಿಗೆ ಒಪ್ಪೋ ಮಾತೇ. ಆಮೇಲೆ ಆಯಮ್ಮ ಅಂದರು: ‘ನಿಮ್ಮಪ್ಪ ಕಾಫಿಗೆ ಕೆಮ್ಮೋದನ್ನ ಎಷ್ಟು ಚೆನ್ನಾಗಿ ಮಾಡಿ ತೋರಿಸೋರು! ನಿಮ್ಮದೂ ಮಾಡೋರು.’

ನಮ್ಮಮ್ಮ? ಮಿಮಿಕ್ರಿ?

ಎಲ್ಲರ ಜೊತೆ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ನಿಂತೆ. 88 ವರ್ಷ ಬಾಳಿದ ಹೆಂಗಸು. ಮನೇಲಿ ಸೆರಗು ಅಡ್ಡ ಹಿಡಿದೇ ನಕ್ಕಳು. 2014ರ ಮಾರ್ಚಿನಲ್ಲಿ ಭಾರತ ಪೋಲಿಯೊ ಮುಕ್ತ ಅಂತ ಸರ್ಟಿಫಿಕೇಟ್ ಸಿಕ್ಕಾಗ ನಾನು ಕೇಸರಿಬಾತ್ ಮಾಡು ಅಂದಿದ್ದೆ. ‘ಹಾಗಾದ್ರೆ ಬೂತ್ ನಿಲ್ಲಿಸಿಬಿಡ್ತಾರಾ?’ ಅಂದಳು, ಮುಖ ಸಣ್ಣಗೆ ಮಾಡ್ಕೊಂಡು. ಪಾಕಿಸ್ತಾನ, ಅಫ್ಘಾನಿಸ್ತಾನದಲ್ಲಿ ಇನ್ನೂ ಇದೆ, ನಿಲ್ಲಿಸಲ್ಲ ಅಂದ ಮೇಲೇ ರವೆ ಹುರಿಯೋಕೆ ಎದ್ದದ್ದು.

ತ್ಯಾಗವೂ ಅಲ್ಲ ಮಣ್ಣೂ ಅಲ್ಲ ಕಣೋ. ಬೂತು ಅವಳಿಗೆ ರಜೆ. ನಮ್ಮಿಂದ ರಜೆ. ಅಪ್ಪನಿಂದ ಅಂದ್ರೆ ಸರಿ, ಅರ್ಥ ಆಗುತ್ತೆ. ಟೈಫಾಯ್ಡ್ ಬಂದಾಗ ರಾತ್ರಿಯೆಲ್ಲ ನನ್ನ ಹಣೆಗೆ ಒದ್ದೆ ಬಟ್ಟೆ ಹಾಕಿದಳಲ್ಲ, ಅದೇ ಡ್ಯೂಟಿ, ಶಾಯಿ ಹಚ್ಚೋದೇ ಖುಷಿ ಆಗಿತ್ತಾ? ಈ ವಯಸ್ಸಲ್ಲಿ ಒಂದು ಐಸ್ ಬಾಕ್ಸ್ ಮೇಲೆ ಹೊಟ್ಟೆಕಿಚ್ಚು ಪಡ್ತಿದೀನಿ. ಸಿಟ್ಟೂ ಬಂತು, ಅವಳು ಕಣ್ಣು ಮುಚ್ಚಿದ ಮೇಲೆ.

ಆ ಕಣ್ಣುಗಳನ್ನೂ ಕೊಟ್ಟೇ ಹೋದಳು. 6 ಗಂಟೆಯೊಳಗೆ ತೆಗೀಬೇಕು, ಪೊರೆ ಆಪರೇಷನ್ ಆಗಿದ್ರೂ ತಗೋತಾರೆ ಅಂತ ನನಗೆ ಹತ್ತು ಸಲ ಬಾಯಿಪಾಠ ಮಾಡಿಸಿದ್ದಳು. ಮಗನ ಮೇಲೆ ನಂಬಿಕೆ ಇಲ್ಲ, ಫೋನ್ ನಂಬರ್ ಫ್ರಿಜ್ ಮೇಲೆ ಅಂಟಿಸಿದ್ದಳು.

ಇಷ್ಟೆಲ್ಲ ಬರೀಬೇಕು ಅಂತ ಇರಲಿಲ್ಲ. ಓದಿ ‘ಓಂ ಶಾಂತಿ’ ಅಂತ ಕಳಿಸಿದ್ರೆ ನೀಲಿ ಕೊಡೆ ಕಥೆ ಪೂರ್ತಿ ಇಲ್ಲೇ ಹಾಕ್ತೀನಿ. ಅದಕ್ಕಿಂತ ಈ ವಾರ ಮನೆಗೆ ಬಾ. ಸಿಸ್ಟರ್ ನಂಬರ್ ಇಸ್ಕೊಂಡಿದೀನಿ, ಅವರನ್ನೂ ಕರೀತೀನಿ. ನನ್ನ ಮಿಮಿಕ್ರಿ ಹೇಗೆ ಮಾಡ್ತಿದ್ದಳು ಅಂತ ಒಂದು ಸಲ ನೋಡಲೇಬೇಕು. ನಿನ್ನದೂ ಇತ್ತಂತೆ, ಆ ನಡಿಗೆ.