ಆಲ್ಬಂ ಹೊರಬಂತು, ಈಗ ನಿಮಗೆಲ್ಲ ಥ್ಯಾಂಕ್ಸ್ ಹೇಳುವ ಸರದಿ

ಕೊನೆಗೂ ನನ್ನ ಹಾಡುಗಳ ಆಲ್ಬಂ ಹೊರಬಂತು! ಮೆಸೇಜ್ ಮಾಡಿದವರಿಗೆಲ್ಲ ಒಬ್ಬೊಬ್ಬರಿಗೇ ಉತ್ತರ ಬರೆಯಲು ಕೂತೆ. ಅದು ಮುಗಿಯುವ ಮಾತಲ್ಲ ಅಂತ ಬೇಗ ಗೊತ್ತಾಯ್ತು. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಥ್ಯಾಂಕ್ಸ್ ನನಗೆ ಒಪೆರಾ (ಪಾಶ್ಚಾತ್ಯ ಸಂಗೀತ ನಾಟಕ) ಗಾಯನ ಕಲಿಸಿದ ಟೀಚರ್‌ಗೆ. ಸೋಲ್, ಜಾಝ್ (ಎರಡೂ ಅಮೆರಿಕದ ಕಪ್ಪು ಜನರಿಂದ ಬೆಳೆದ ಸಂಗೀತ ಶೈಲಿಗಳು) ಹಾಡ್ತೀನಿ ಅಂದಾಗ ಬೈಗುಳ ಗ್ಯಾರಂಟಿ ಅಂದುಕೊಂಡಿದ್ದೆ. ಅವರು ಸುಮ್ನೆ ಒಂದು ವಿಡಿಯೋ ಹಾಕಿ ತೋರಿಸಿದರು. 1998ರ ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಮಾರಂಭ. ಒಪೆರಾ ಗಾಯಕ ಪವರಾಟ್ಟಿಗೆ ಹುಷಾರಿಲ್ಲ, ಕಡೇ ಗಳಿಗೆಯಲ್ಲಿ ಅವರ ಬದಲು ಸೋಲ್ ಗಾಯಕಿ ಅರೆಥಾ ಫ್ರಾಂಕ್ಲಿನ್ ಬಂದು ಇಟಲಿಯ ರಚನಕಾರ ಪುಚ್ಚಿನಿಯ ಏರಿಯಾ (ಒಪೆರಾದಲ್ಲಿ ಒಬ್ಬರೇ ಹಾಡುವ ಹಾಡು) ಹಾಡುತ್ತಾರೆ, ಅದೂ ಪವರಾಟ್ಟಿಗಾಗಿ ಇಟ್ಟಿದ್ದ ಶ್ರುತಿಯಲ್ಲೇ, ಆದರೆ ಪ್ರತಿ ಸಾಲೂ ತಮ್ಮದೇ ಧಾಟಿಯಲ್ಲಿ. "ಅರೆಥಾ ಈ ಕಡೆ ಬಂದರು, ನೀನು ಆ ಕಡೆ ಹೋಗು. ಉಸಿರು ಮಾತ್ರ ಕೆಡಿಸ್ಕೋಬೇಡ" ಅಂದರು ಟೀಚರ್. ಅಷ್ಟೇ. ಕಲಿತದ್ದನ್ನೆಲ್ಲ ಮರೆತರೆ ಮಾತ್ರ ಸೋಲ್ ಬರುತ್ತೆ ಅಂತ ಹೇಳುವವರು ಸಿಗುತ್ತಲೇ ಇರುತ್ತಾರೆ. ನಾನಂತೂ ಒಪ್ಪಲ್ಲ. ಜಾಝ್ ಗಾಯಕಿ ನೀನಾ ಸಿಮೋನ್ ಕ್ಲಾಸಿಕಲ್ ಪಿಯಾನೋ ಕಲಿತವರು, ಅವರ ಬೆರಳುಗಳಲ್ಲಿ ಜರ್ಮನ್ ರಚನಕಾರ ಬಾಖ್ ಕಡೇವರೆಗೂ ಇದ್ದರು.

ಆದರೂ ಕಷ್ಟ ಇತ್ತು, ಜಾಸ್ತಿ ಇದ್ದದ್ದು ತಾಳದಲ್ಲಿ. ಒಪೆರಾದಲ್ಲಿ ವಾದ್ಯವೃಂದ ನಡೆಸುವ ಕಂಡಕ್ಟರ್ ಕೈ ನೋಡಿಕೊಂಡು ಹಾಡಿದವಳು ನಾನು. ಜಾಝ್‌ನಲ್ಲಿ ಯಾರ ಕೈ ನೋಡಲಿ? ನಮ್ಮ ಬಾಸ್ (ತಗ್ಗು ಸ್ವರದ ತಂತಿವಾದ್ಯ) ನುಡಿಸುವ ಅಣ್ಣ ಪಿಯಾನೋ, ಡ್ರಮ್ಸ್ ಎಲ್ಲ ನಿಲ್ಲಿಸಿ, ಬರೀ ಬಾಸ್ ಜೊತೆ ನನ್ನಿಂದ ಹಾಡಿಸಿದರು. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಯಾವುದು ಅಂತ ಆ ಒಂದೊಂದೇ ಸ್ವರದ ನಡಿಗೆಯಿಂದ ನಾನೇ ಹುಡುಕಿಕೊಳ್ಳಬೇಕು. ಬೀಟ್ ಮೇಲೆ ನೆಟ್ಟಗೆ ಬಂದು ಕೂತರೆ ಅವರ ಹುಬ್ಬು ಮೇಲೇರುತ್ತಿತ್ತು. "ಸ್ವಲ್ಪ ಹಿಂದೆ ಇರಮ್ಮ, ಬೀಟ್ ಎಲ್ಲೂ ಓಡಿಹೋಗಲ್ಲ." ಆಮೇಲೆ ಡ್ರಮ್ಮರ್ ಸೇರಿಕೊಂಡು ಎರಡು, ನಾಲ್ಕನೇ ಎಣಿಕೆಗೆ ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಟ್ಟೆ) ಮುಚ್ಚುವ ಸದ್ದನ್ನಷ್ಟೇ ಕೊಟ್ಟ. ಆ ಚಿಕ್ ಚಿಕ್ ಮೈಗೆ ಹತ್ತಿದ ಮೇಲೆ ನನ್ನ ಹಾಡೇ ಬದಲಾಯ್ತು. ಅಣ್ಣಾ, ಈ ಋಣ ತೀರಿಸೋಕಾಗಲ್ಲ.

ನಮ್ಮ ಸೌಂಡ್ ಎಂಜಿನಿಯರ್ ಬಗ್ಗೆ ಯಾರೂ ಕೇಳಲ್ಲ, ಅದಕ್ಕೇ ನಾನೇ ಹೇಳುತ್ತೇನೆ. ಮೈಕ್ ಇಲ್ಲದೆ ಇಡೀ ಆರ್ಕೆಸ್ಟ್ರಾ ದಾಟಿ ಕೇಳಿಸಬೇಕು ಅಂತ ಪಳಗಿಸಿದ ದನಿಯಲ್ಲಿ 3000 ಹರ್ಟ್ಜ್ ಆಸುಪಾಸು ಒಂದು ಖಣಖಣ ನಾದ ಇರುತ್ತದೆ. ಸಭಾಂಗಣದಲ್ಲಿ ಅದೇ ಆಸ್ತಿ, ಮೈಕ್ ಮುಂದೆ ಅದೇ ಕಿವಿಗೆ ಚುಚ್ಚುತ್ತದೆ. ಅವಳು ಅದನ್ನು ಸ್ಕ್ರೀನ್ ಮೇಲೆ ಗುಡ್ಡದ ಹಾಗೆ ಎದ್ದು ನಿಂತಿರುವುದನ್ನು ತೋರಿಸಿದಳು. ಕತ್ತರಿಸಿ ಹಾಕಬಹುದಿತ್ತು, ಹಾಕಲಿಲ್ಲ. ಕೆಳಗಿನ ಸ್ವರಕ್ಕೆ ಮೈಕ್ ಹತ್ತಿರ ಬಾ, ದನಿ ತಾನಾಗೇ ದಪ್ಪ ಆಗುತ್ತೆ, ಮೇಲಕ್ಕೆ ಹೋಗುವಾಗ ಮುಖ ಹಿಂದಕ್ಕೆ ತಗೋ, ಉದ್ದ ಸ್ವರವನ್ನು ನೇರವಾಗಿ ಹಿಡಿದು ಕಡೇಲಿ ಮಾತ್ರ ಕಂಪನ ಬಿಡು ಅಂತ ತಾಳ್ಮೆಯಿಂದ ಹೇಳಿಕೊಟ್ಟಳು. ಮೂರನೇ ಹಾಡಿನ ಕೊನೇ ಸ್ವರ ಇಷ್ಟ ಆಯ್ತು ಅಂತ ಬರೆದಿರಲ್ಲ, ಅದರಲ್ಲಿ ಅರ್ಧ ಪಾಲು ಅವಳದೇ.

ಪಿಯಾನೋ, ಸ್ಯಾಕ್ಸೊಫೋನ್ ಗೆಳೆಯರಿಗೆ, ಅದೇ ಸಾಲನ್ನು ಬೆಳಗ್ಗೆಯಿಂದ ರಾತ್ರಿವರೆಗೆ ಸಹಿಸಿಕೊಂಡ ಮನೆಯವರಿಗೆ ಪ್ರೀತಿ. ಖಾಲಿ ಕುರ್ಚಿಗಳೇ ಜಾಸ್ತಿ ಇದ್ದ ಶೋಗಳಿಗೂ ಬಂದು ಕೂತವರು ಯಾರು ಅಂತ ನನಗೆ ನೆನಪಿದೆ. "ಇದು ಒಪೆರಾನೂ ಅಲ್ಲ, ಜಾಝೂ ಅಲ್ಲ" ಅಂತ ಬರೆದವರೇ, ಪೂರ್ತಿ ಕೇಳಿಯೇ ಬರೆದಿದ್ದೀರಲ್ವಾ, ನಿಮಗೂ ಥ್ಯಾಂಕ್ಸ್.

ಕೊನೇ ಹಾಡು ಮುಗಿದ ಮೇಲೆ ಒಂದು ನಗು ಕೇಳಿಸುತ್ತಲ್ಲ, ಅದು ಯಾರದು ಅಂತ ತುಂಬಾ ಜನ ಕೇಳಿದ್ದೀರಿ. ಡ್ರಮ್ಮರ್‌ದು. ತೆಗೆಯಬೇಡಿ ಅಂತ ನಾನೇ ಹೇಳಿದ್ದೆ.