ಕುಳ್ಳನಿಗೊಂದು ಪತ್ರ, ತಡವಾದ ಲೈಕ್ ಸಮೇತ

ಲೇ ಕುಳ್ಳಾ,

ನೀನು ಫೋನ್ ಎತ್ತಲ್ಲ, ಮೆಸೇಜಿಗೆ ಬರೀ ಹೆಬ್ಬೆಟ್ಟು ಒತ್ತುತ್ತೀಯ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ಉಳಿದವರೂ ಓದಿಕೊಳ್ಳಲಿ. ಮೂರನೇ ಬೋಂಡಾದ ವಿಷಯ ಮಾತ್ರ ಎತ್ತಲ್ಲ, ಹೆದರಬೇಡ.

ಮೊನ್ನೆ ಆಫೀಸಲ್ಲಿ ಪರ್ಸನಾಲಿಟಿ ಟೆಸ್ಟ್ ಮಾಡಿಸಿದರು. ಹೊಸತರ ಆಸೆ ಎಷ್ಟು, ಅಚ್ಚುಕಟ್ಟು ಎಷ್ಟು, ಜನರ ಜೊತೆ ಬೆರೆಯೋದೆಷ್ಟು, ಹೊಂದಿಕೊಳ್ಳೋದೆಷ್ಟು, ಕಂಗಾಲಾಗೋದೆಷ್ಟು. ಈ ಐದರಲ್ಲೇ ಮನುಷ್ಯನನ್ನು ಅಳೆದುಬಿಡುತ್ತಾರೆ. 'ಬೇರೆಯವರ ಖುಷಿ ನನಗೂ ಖುಷಿ' ಅನ್ನೋದಕ್ಕೆ ಐದಕ್ಕೆ ಐದು ಕೊಟ್ಟುಕೊಂಡೆ.

ಆಮೇಲೆ ಸುಮ್ನೆ ಹುಡುಕಿದಾಗ ಕೇಂಬ್ರಿಡ್ಜ್, ಸ್ಟ್ಯಾನ್‌ಫರ್ಡ್‌ನವರ 2015ರ ಅಧ್ಯಯನ ಸಿಕ್ಕಿತು. ಫೇಸ್‌ಬುಕ್‌ನಲ್ಲಿ ನಾವು ಒತ್ತಿದ 10 ಲೈಕ್ ಸಿಕ್ಕರೆ ಕಂಪ್ಯೂಟರ್ ನಮ್ಮ ಸ್ವಭಾವವನ್ನು ಜೊತೆ ಕೆಲಸ ಮಾಡುವವರಿಗಿಂತ ಚೆನ್ನಾಗಿ ಊಹಿಸುತ್ತಂತೆ. 70ಕ್ಕೆ ಗೆಳೆಯನನ್ನು ಮೀರಿಸುತ್ತೆ, 150ಕ್ಕೆ ಮನೆಯವರನ್ನು, 300ಕ್ಕೆ ಕಟ್ಟಿಕೊಂಡವರನ್ನು. ಆದರೆ ಊಹೆ ಸರಿಯೋ ತಪ್ಪೋ ಅಂತ ತಾಳೆ ನೋಡಿದ್ದು ಜನ ತಾವೇ ತುಂಬಿದ ಇಂಥದ್ದೇ ಟೆಸ್ಟಿನ ಜೊತೆ! ನನ್ನ ಹಾಗೆ ಐದಕ್ಕೆ ಐದು ಕೊಟ್ಟುಕೊಂಡವರು ಅದರಲ್ಲಿ ಎಷ್ಟು ಜನವೋ.

ಲೈಕ್ ಒತ್ತಿದ್ದಕ್ಕೆ ಲೆಕ್ಕ ಇದೆ. ಒತ್ತದೇ ಇದ್ದದ್ದಕ್ಕೆ?

ನಿನ್ನ ಗೃಹಪ್ರವೇಶಕ್ಕೆ ರಜೆ ಸಿಗಲಿಲ್ಲ ಅಂದಿದ್ದೆ ಅಲ್ವಾ? ನಾನು ರಜೆ ಕೇಳಿಯೇ ಇರಲಿಲ್ಲ ಕಣೋ. ಪಿಜಿ ಮಂಚದ ಮೇಲೆ ಕೂತು ನಿನ್ನ ಸ್ಟೋರಿ ನೋಡುತ್ತಿದ್ದೆ. ಅದೂ ಇನ್ನೊಂದು ಅಕೌಂಟಿನಿಂದ, ನೋಡಿದವರ ಪಟ್ಟಿಯಲ್ಲಿ ನನ್ನ ಹೆಸರು ಬರಬಾರದು ಅಂತ. ಹಾಲು ಉಕ್ಕಿ ಪಾತ್ರೆಯ ಅಂಚು ದಾಟುತ್ತೆ, ನಿಮ್ಮಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಹೋಮದ ಹೊಗೆಗೋ, ಅಳುವಿಗೋ. ಹತ್ತು ಸಲವಾದರೂ ನೋಡಿರಬೇಕು. ಖುಷಿಯಿಂದ ಅಲ್ಲ. ಒಂದೇ ಬೆಂಚಿನವರು, ಇಬ್ಬರಿಗೂ 27. ನಮ್ಮಮ್ಮ ಇನ್ನೂ ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯೋಕೂ ಓನರ್ ಹತ್ರ ಕೇಳುತ್ತಾಳೆ. ನಿನ್ನ ಅಡುಗೆಮನೆ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ, ಗ್ರಾನೈಟ್‌ನಲ್ಲಿ ಎಲ್ಲಾದರೂ ಬಿರುಕು ಇದೆಯಾ ಅಂತ.

ಇರಲಿಲ್ಲ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಟೆಸ್ಟಿಗೆ ಗೊತ್ತಾಗದ್ದು ಫೋನಿಗೆ ಗೊತ್ತಾಗಿದೆ ಅನ್ಸುತ್ತೆ. ಒಂದು ವಾರದಿಂದ ಬರೀ ಮಾಡ್ಯುಲರ್ ಕಿಚನ್, ಹೋಮ್ ಲೋನ್ ತೋರಿಸುತ್ತಿದೆ. ಸಂಬಳ ಎಷ್ಟು ಅಂತ ಮಾತ್ರ ಪಾಪ ಅದಕ್ಕೆ ಗೊತ್ತಿಲ್ಲ.

ಈಗಷ್ಟೇ ಲೈಕ್ ಒತ್ತಿದ್ದೇನೆ, ಸ್ವಂತ ಹೆಸರಲ್ಲಿ. ಅಷ್ಟು ಸಲ ನೋಡಿದ್ದಕ್ಕೆ ಒಂದು ತಪ್ಪು ಸಿಕ್ಕಿದೆ: ಆ ಚಿಮ್ನಿ ತೀರಾ ಕೆಳಗೆ ಹಾಕಿದ್ದಾರೆ. ನಿನ್ನ ಎತ್ತರಕ್ಕೆ ನಡೆಯುತ್ತೆ ಬಿಡು. ಭಾನುವಾರ ಬರ್ತೀನಿ, ನನ್ನ ತಲೆಗೆ ತಾಗುತ್ತಾ ನೋಡೋಣ. ಬೋಂಡಾ ಎರಡೇ ಮಾಡಿಸು.

ಇಂತಿ,
ಲಂಬು