ಕುಕ್ಕರ್ ಸಿಡಿದದ್ದು ಅಂಗಡಿಯವರಿಗೆ ಗೊತ್ತಿತ್ತು

ಸಂಪಾದಕರಿಗೆ ನಮಸ್ಕಾರ.

ಕಳೆದ ತಿಂಗಳು ಬೆಟಗೇರಿಯಲ್ಲಿ ನನ್ನ ತಂಗಿಯ ಮನೆಯಲ್ಲಿ ಕುಕ್ಕರಿನ ಮುಚ್ಚಳ ಹಾರಿ ಕುದಿಯುವ ಬೇಳೆ ಅವಳ ಕೈ, ಕುತ್ತಿಗೆ ಮೇಲೆ ಬಿತ್ತು. ತಗೊಂಡು ಮೂರು ವಾರವೂ ಆಗಿರಲಿಲ್ಲ. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು, ಈಗಲೂ ಅವಳಿಗೆ ರೊಟ್ಟಿ ಬಡಿಯಲು ಆಗುತ್ತಿಲ್ಲ. ಹುಬ್ಬಳ್ಳಿ ಪೇಟೆಯಲ್ಲಿ ಅದನ್ನು ಕೊಡಿಸಿದ್ದು ನಾನೇ, ಹಾಗಾಗಿ ವಾಪಸ್ ಒಯ್ದದ್ದೂ ನಾನೇ. ಅಂಗಡಿಯವರು ಜಗಳ ಆಡಲಿಲ್ಲ. ಆದರೆ ಅವರು ಸಹಜವಾಗಿ ಆಡಿದ ಒಂದು ಮಾತು ನನ್ನ ನಿದ್ದೆ ಕೆಡಿಸಿದೆ: "ಇದ ಮಾಡೆಲ್ ಇನ್ನೊಂದು ಮನ್ಯಾಗೂ ಹಿಂಗ ಆಗಿತ್ರಿ ಅಕ್ಕಾರ, ಬ್ಯಾರೆ ಕೊಡ್ತೇನಿ ತಗೋರಿ."

ಅಂದರೆ ಮೊದಲೇ ಗೊತ್ತಿತ್ತು! ಮೇಲಿನವರಿಗೆ ತಿಳಿಸಿದಿರಾ ಅಂತ ಕೇಳಿದೆ. ಏಜೆಂಟರ ಕಿವಿಗೆ ಹಾಕಿದ್ದರಂತೆ, ಅಷ್ಟೇ. ಅದೇ ಮಾಡೆಲಿನ ಇನ್ನೂ ಐದಾರು ಕುಕ್ಕರುಗಳು ಅಲ್ಲೇ ಜೋಡಿಸಿಟ್ಟಿದ್ದವು.

ಆಸ್ಟ್ರೇಲಿಯಾದಲ್ಲಿ 2011ರಿಂದ ಒಂದು ನಿಯಮ ಇದೆ. ತಾನು ಮಾರಿದ ವಸ್ತುವಿನಿಂದ ಯಾರೋ ಸತ್ತರು, ಇಲ್ಲವೇ ಡಾಕ್ಟರ್ ನೋಡಬೇಕಾದಷ್ಟು ಗಾಯವಾಯಿತು ಅಂತ ಗೊತ್ತಾದರೆ ಎರಡು ದಿನದೊಳಗೆ ಸರ್ಕಾರಕ್ಕೆ ತಿಳಿಸಬೇಕು, ತಯಾರಿಸಿದವರು ಮಾತ್ರ ಅಲ್ಲ, ಮಾರಿದ ಅಂಗಡಿಯವರೂ. ತಿಳಿಸಿದ ಮಾತ್ರಕ್ಕೆ ತಪ್ಪು ಒಪ್ಪಿಕೊಂಡ ಹಾಗೆ ಆಗುವುದಿಲ್ಲ ಅಂತಲೂ ಆ ಕಾನೂನಿನಲ್ಲೇ ಬರೆದಿದ್ದಾರೆ. ಇದು ನನಗೆ ಬಹಳ ಹಿಡಿಸಿತು. ನಮ್ಮ ವ್ಯಾಪಾರಿಗಳು ಸುಮ್ನೆ ಇರುವುದು ಆ ಭಯಕ್ಕೇ ಅಲ್ವಾ?

ನಮ್ಮಲ್ಲಿ ಕಾನೂನೇ ಇಲ್ಲ ಅಂತಲ್ಲ. 2021ರಿಂದ ಕುಕ್ಕರಿಗೆ ಐಎಸ್ಐ ಗುರುತು ಕಡ್ಡಾಯ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನೊಂದವರು ಪರಿಹಾರ ಕೇಳಬಹುದು, ಅಪಾಯದ ಮಾಲನ್ನು ಮಾರುಕಟ್ಟೆಯಿಂದ ವಾಪಸ್ ತರಿಸುವ ಅಧಿಕಾರ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕೆ ಇದೆ. ಆದರೆ ದೆಹಲಿಯಲ್ಲಿ ಕೂತವರಿಗೆ ಬೆಟಗೇರಿಯ ಅಡುಗೆಮನೆಯಲ್ಲಿ ಆದದ್ದು ತಿಳಿಯುವುದು ಹೇಗೆ? ಕೈ ಸುಟ್ಟುಕೊಂಡವರೇ ಬ್ಯಾಂಡೇಜ್ ಕಟ್ಟಿಕೊಂಡು ದೂರು ಕೊಡಬೇಕು. ಎಲ್ಲ ಕಡೆಯ ಸುದ್ದಿ ಮೊದಲು ಬಂದು ಸೇರುವುದು ಮಾರಿದವರ ಹತ್ತಿರ, ತಿಳಿಸುವ ಹೊಣೆಯನ್ನೂ ಅವರಿಗೇ ಕೊಡಿ, ಇಂತಿಷ್ಟು ದಿನದೊಳಗೆ ಅಂತ ಗಡುವು ಹಾಕಿ. ನಮ್ಮ ಭಾಗದ ಸಂಸದರು ಈ ಮಾತನ್ನು ಸಂಸತ್ತಿನಲ್ಲಿ ಎತ್ತಬೇಕು.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಆ ಮೊದಲ ಕುಕ್ಕರ್ ಯಾರ ಮನೆಯದೋ, ಅವರು ಇದನ್ನು ಓದುತ್ತಿದ್ದರೆ ದಯವಿಟ್ಟು ನೀವೂ ಫೋನ್ ಮಾಡಿ. ಬಿಲ್ ಎಸೆಯಬೇಡಿ.

– ಒಬ್ಬ ಓದುಗಿ, ವಿದ್ಯಾನಗರ, ಹುಬ್ಬಳ್ಳಿ